ತವರಿನಾಚೆಯ ಪಂದ್ಯ, ಚೌಕಾಸಿಯ ಸರಕು

ಪ್ರಶ್ನೆ: ಮಗಳು ಮತ್ತು ಅಳಿಯ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದಾರೆ. ಕಳೆದ ಬಾರಿ ಅಲ್ಲಿ ನಾಲ್ಕು ತಿಂಗಳು ಉಳಿದಿದ್ದೆ. ಬೇಸ್‌ಬಾಲ್ ಪ್ರಿಯರಾದ ಅಳಿಯಂದಿರು ಬೇರೆ ಬೇರೆ ಊರಿನ ತಂಡಗಳ ಆಟ ನೋಡಲೆಂದು ಇಡೀ ಋತುವಿನ ಚಂದಾ ಕಟ್ಟಿದ್ದಾರೆ. ಆದರೂ ಅವರ ಮೆಚ್ಚಿನ ಶಿಕಾಗೊ ತಂಡದ ಪಂದ್ಯ ಹಾಕಿದರೆ, ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ ಎಂಬ ಸೂಚನೆ ಬರುತ್ತಿತ್ತು. ಶಿಕಾಗೊ ಅಲ್ಲಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ಹಣ ಕೊಟ್ಟವರಿಗೂ ಆಟ ಕಾಣಿಸದ ಈ ಏರ್ಪಾಡು ಹೇಗೆ ಬಂತು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್ ಬೇಸ್‌ಬಾಲ್‌ನ (ಎಂಎಲ್‌ಬಿ) ಒಂದು ತಂಡವೂ ಅಯೋವಾದಲ್ಲಿ ಇಲ್ಲ. ಆದರೆ ಶಿಕಾಗೊದ ಎರಡು ತಂಡಗಳೂ ಸೇಂಟ್ ಲೂಯಿಸ್, ಮಿನ್ನೆಸೋಟ, ಮಿಲ್ವಾಕೀ, ಕಾನ್ಸಾಸ್ ಸಿಟಿ ತಂಡಗಳೂ ಆ ರಾಜ್ಯವನ್ನು ಬಹುಕಾಲದಿಂದ ತಮ್ಮ ತವರು ಪ್ರದೇಶವೆಂದೇ ಎಣಿಸುತ್ತ ಬಂದಿವೆ. ತಂಡಗಳು ತವರು ಪ್ರದೇಶದ ಪ್ರಸಾರವನ್ನು ಒಂದು ಪ್ರಾದೇಶಿಕ ಕ್ರೀಡಾ ಚಾನೆಲ್ಲಿಗೆ ಮಾರುವುದು ಅಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಆ ಸೀಮೆಯಲ್ಲಿ ಬೇರೆ ಯಾರೂ ಪಂದ್ಯ ತೋರಿಸಬಾರದು ಎಂಬ ಭರವಸೆ ಇದ್ದರೆ ಮಾತ್ರ ಚಾನೆಲ್ಲು ದೊಡ್ಡ ಮೊತ್ತ ಕೊಡುತ್ತದೆ. ಹೀಗೆ ಪ್ರತಿ ಊರಿನಲ್ಲೂ ಅಲ್ಲಿನ ತವರು ತಂಡಗಳ ಪಂದ್ಯಗಳನ್ನು ಕಳೆದ ಮೇಲೆ ಮಿಕ್ಕಿದ್ದನ್ನು ಲೀಗ್ ಒಟ್ಟುಗೂಡಿಸಿ, ಹೊರ ಪ್ರದೇಶದ ಪಂದ್ಯಗಳ ಪ್ಯಾಕೇಜ್ ಎಂದು ದೇಶದಾದ್ಯಂತ ಮಾರುತ್ತ ಬಂದಿದೆ. ಆರು ಮನೆಯವರು ನಮ್ಮವನೆಂದು ಹೇಳಿಕೊಂಡ ನೆಂಟನಿಗೆ ಯಾರ ಮನೆಯಲ್ಲೂ ಎಲೆ ಹಾಕಲಿಲ್ಲ ಎಂಬಂತಾಗಿದೆ ಅಯೋವಾದವರ ಪಾಡು.

ಮಿಕ್ಕಿದ್ದು ಎಂದ ಮಾತ್ರಕ್ಕೆ ಆ ಪ್ಯಾಕೇಜು ಅಗ್ಗದ ಸರಕಲ್ಲ. ಮಾತುಕತೆಯಲ್ಲಿ ಅದು ಎಂಥ ಆಯುಧವಾಗಬಲ್ಲದು ಎಂಬುದನ್ನು 2007ರ ಪ್ರಕರಣದಲ್ಲಿ ನೋಡಬಹುದು. ಅಲ್ಲಿಯವರೆಗೆ ‘ಎಕ್ಸ್‌ಟ್ರಾ ಇನ್ನಿಂಗ್ಸ್’ ಎಂಬ ಬೇಸ್‌ಬಾಲ್ ಪ್ಯಾಕೇಜು ಉಪಗ್ರಹ ಸೇವೆಯವರಲ್ಲೂ ಕೇಬಲ್ಲಿನವರಲ್ಲೂ ಸಿಗುತ್ತಿತ್ತು. ಆ ವರ್ಷ ಲೀಗ್ ಅದನ್ನು ಏಳು ವರ್ಷಗಳಿಗೆ ಸುಮಾರು 70 ಕೋಟಿ ಡಾಲರ್‌ಗೆ ಡೈರೆಕ್‌ಟಿವಿ ಎಂಬ ಉಪಗ್ರಹ ಕಂಪನಿಯೊಂದಕ್ಕೇ ಕೊಡಲು ಮುಂದಾಯಿತು. ಡಿಶ್ ಕೂರಿಸಲಾಗದ ಅಪಾರ್ಟ್‌ಮೆಂಟುಗಳಲ್ಲಿದ್ದ ಅಭಿಮಾನಿಗಳು ಸಿಟ್ಟಿಗೆದ್ದರು, ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾನ್ ಕೆರ್ರಿ ವಿಷಯವನ್ನು ಕೈಗೆತ್ತಿಕೊಂಡರು, ಸೆನೆಟ್ ಸಮಿತಿಯಲ್ಲಿ ವಿಚಾರಣೆಯೂ ನಡೆಯಿತು. ಇದೇ ಷರತ್ತುಗಳನ್ನು ಒಪ್ಪುವುದಾದರೆ ಕೇಬಲ್ಲಿನವರಿಗೂ ಕೊಡುತ್ತೇವೆ ಎಂದು ಲೀಗ್ ಹೇಳಿತು.

ಗಂಟು ಇದ್ದದ್ದು ಆ ಷರತ್ತುಗಳಲ್ಲಿ. ಲೀಗ್ ತನ್ನದೇ ಒಂದು ಬೇಸ್‌ಬಾಲ್ ಚಾನೆಲ್ ತೆರೆಯಲು ಹೊರಟಿತ್ತು. ಅದನ್ನು ಡೈರೆಕ್‌ಟಿವಿ ಎಲ್ಲರಿಗೂ ಸಿಗುವ ಮೂಲ ಪಟ್ಟಿಯಲ್ಲಿ ತೋರಿಸಲು ಒಪ್ಪಿ, ಚಾನೆಲ್ಲಿನಲ್ಲಿ ಪಾಲನ್ನೂ ಪಡೆದಿತ್ತು. ಕೇಬಲ್ ಕಂಪನಿಗಳ ಪರವಾಗಿ ಮಾತಿಗೆ ಕುಳಿತಿದ್ದ ಇನ್ ಡಿಮಾಂಡ್ ಸಂಸ್ಥೆಗೆ ಪ್ಯಾಕೇಜಿನ ಬೆಲೆಗಿಂತ ಹೆಚ್ಚು ತೊಡಕೆನಿಸಿದ್ದು ಇದೇ. ಮೂಲ ಪಟ್ಟಿಗೆ ಸೇರಿದರೆ, ಬೇಸ್‌ಬಾಲ್ ಎಂದರೆ ಏನೆಂದು ತಿಳಿಯದ ಮನೆಯ ಬಿಲ್ಲಿನಲ್ಲೂ ಆ ಚಾನೆಲ್ಲಿನ ಶುಲ್ಕ ಸೇರಿಕೊಳ್ಳುತ್ತದೆ. ಕ್ರೀಡಾ ಚಾನೆಲ್‌ಗಳಿಗೆಂದೇ ಇರುವ ಹೆಚ್ಚುವರಿ ಗುಂಪಿನಲ್ಲಿ ಇಡೋಣ ಎಂದರು ಕೇಬಲ್ಲಿನವರು. ಲೀಗ್ ಬಗ್ಗಲಿಲ್ಲ. ಋತು ಶುರುವಾದ ಮೇಲೆ, ಏಪ್ರಿಲ್ 4ರಂದು, ಕೇಬಲ್ಲಿನವರೇ ಮಣಿದು ಚಾನೆಲ್ಲಿನಲ್ಲಿ ತಮಗೂ ಒಂದು ಪಾಲು ಪಡೆದು ಒಪ್ಪಿಕೊಂಡರು. 2009ರ ಜನವರಿ 1ರಂದು ಲೀಗ್‌ನ ಆ ಚಾನೆಲ್, ಎಂಎಲ್‌ಬಿ ನೆಟ್‌ವರ್ಕ್, ಸುಮಾರು 5 ಕೋಟಿ ಮನೆಗಳಲ್ಲಿ ಒಮ್ಮೆಗೇ ಆರಂಭವಾಯಿತು. ನನ್ನ ದೃಷ್ಟಿಯಲ್ಲಿ ಲೀಗ್‌ಗೆ ಬೇಕಿದ್ದದ್ದು ಮೊದಲಿನಿಂದಲೂ ಇದೇ; ಹೊರ ಪ್ರದೇಶದ ಪಂದ್ಯಗಳು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ದೂರದ ಊರಿನಲ್ಲಿದ್ದುಕೊಂಡು ತನ್ನ ತಂಡವನ್ನು ಬಿಡಲಾರದ ಅಭಿಮಾನಿ ಕಂಪನಿಯನ್ನೇ ಬದಲಿಸಿಯಾನು ಎಂಬ ಭಯವೇ ಕೇಬಲ್ಲಿನವರನ್ನು ಮಣಿಸಿತು.

ಪ್ರಶ್ನೆ: ಎಲ್ಲ ತಂಡಗಳ ಬದಲು ಬೇಕಾದ ಒಂದೇ ತಂಡದ ಪಂದ್ಯಗಳನ್ನು ಕಡಿಮೆ ಬೆಲೆಗೆ ಕೊಡಬಹುದಲ್ಲ?
– ಅದೇ ಓದುಗರು

ಉತ್ತರ: ಬೇಸ್‌ಬಾಲ್‌ನವರು ಕೊಟ್ಟರು, ಅದೂ ನ್ಯಾಯಾಲಯದ ಬಾಗಿಲಿಗೆ ಹೋದ ಮೇಲೆ. ಅಭಿಮಾನಿಗಳು ಹೂಡಿದ್ದ ದಾವೆ 2016ರ ಜನವರಿಯಲ್ಲಿ ರಾಜಿಯಾದಾಗ, ಅಂತರಜಾಲದಲ್ಲಿ ಒಂದೇ ತಂಡದ ಪ್ಯಾಕೇಜನ್ನು ಮಾರಲು ಲೀಗ್ ಒಪ್ಪಿತು. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಇನ್ನೂ ಬಿಗಿ. 1994ರಿಂದ ಡೈರೆಕ್‌ಟಿವಿಯಲ್ಲಿದ್ದ ‘ಸಂಡೇ ಟಿಕೆಟ್’ ಎಂಬ ಅದರ ಹೊರ ಪ್ರದೇಶದ ಪಂದ್ಯಗಳ ಪ್ಯಾಕೇಜು 2023ರಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಲೆಕ್ಕದಲ್ಲಿ ಯೂಟ್ಯೂಬ್‌ನ ಪಾಲಾಯಿತು. ಬೆಲೆಯನ್ನು ಬೇಕೆಂದೇ ಏರಿಸಿಟ್ಟಿದ್ದಾರೆ ಎಂಬ ದಾವೆಯಲ್ಲಿ 2024ರ ಜೂನ್‌ನಲ್ಲಿ ಜ್ಯೂರಿ 470 ಕೋಟಿ ಡಾಲರ್‌ಗೂ ಮಿಕ್ಕ ಪರಿಹಾರ ಕೊಡಬೇಕೆಂದು ಹೇಳಿತಾದರೂ, ಆಗಸ್ಟ್‌ನಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ತಳ್ಳಿಹಾಕಿದರು.

ನಿಮ್ಮ ಅಳಿಯಂದಿರಿಗೆ 2016ರ ರಾಜಿಯಿಂದ ಬಿಡುಗಡೆ ಸಿಗಲಿಲ್ಲ. ಒಂದೇ ತಂಡದ ಪ್ಯಾಕೇಜು ಕೊಂಡರೂ ತವರು ಪ್ರದೇಶದ ನಿರ್ಬಂಧ ಹಾಗೆಯೇ ಉಳಿಯಿತು, ಮತ್ತು ಲೀಗ್‌ನ ನಕ್ಷೆಯಲ್ಲಿ ಐದು ಗಂಟೆ ದೂರದ ಆ ಶಿಕಾಗೊ ತಂಡ ಅವರಿಗೆ ತವರಿನದೇ.