17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಟಗಾರರ ಮಣಿಕಟ್ಟಿನ ಎಂಆರ್‌ಐ ತೆಗೆಯುವುದೇಕೆ?

ಜನನ ಪ್ರಮಾಣಪತ್ರದಲ್ಲಿ ವಯಸ್ಸನ್ನು ತಿದ್ದಬಹುದು, ಆದರೆ ಮೂಳೆಯ ಬೆಳವಣಿಗೆಯನ್ನು ತಿದ್ದಲಾಗದು ಎಂಬುದೇ ಇದಕ್ಕೆ ಕಾರಣ. ಫಿಫಾ ಈ ಪರೀಕ್ಷೆಯನ್ನು 2009ರಲ್ಲಿ ನೈಜೀರಿಯಾದಲ್ಲಿ ನಡೆದ ವಿಶ್ವಕಪ್‌ನಿಂದ ಜಾರಿಗೆ ತಂದಿತು.

ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್ ಎಂಬ ಮೂಳೆಯ ತುದಿಯಲ್ಲಿ, ಬೆಳೆಯುವ ವಯಸ್ಸಿನಲ್ಲಿ ಮೃದುವಾದ ಒಂದು ಪದರವಿರುತ್ತದೆ; ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತಾ ಬಂದಂತೆ ಈ ಪದರ ಗಟ್ಟಿಯಾಗಿ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಈ ಬೆಸುಗೆಯನ್ನು ವೈದ್ಯರು ಆರು ಹಂತಗಳಲ್ಲಿ ಗುರುತಿಸುತ್ತಾರೆ. 17 ತುಂಬುವ ಮೊದಲೇ ಆರನೆಯ ಹಂತ, ಅಂದರೆ ಸಂಪೂರ್ಣ ಬೆಸುಗೆ, ಕಂಡುಬರುವುದು ತೀರ ಅಪರೂಪವಾದ್ದರಿಂದ ಅಂಥ ಆಟಗಾರನನ್ನು ಹೊರಗಿಡಲಾಗುತ್ತದೆ. ಎಕ್ಸ್-ರೇಯಲ್ಲಿಯೂ ಇದನ್ನು ನೋಡಬಹುದಾದರೂ, ಆರೋಗ್ಯವಂತ ಹುಡುಗರನ್ನು ಚಿಕಿತ್ಸೆಯ ಅಗತ್ಯವಿಲ್ಲದೆ ವಿಕಿರಣಕ್ಕೆ ಒಡ್ಡುವುದು ಸರಿಯಲ್ಲವೆಂದು ಎಂಆರ್‌ಐಯನ್ನು ಆರಿಸಿಕೊಳ್ಳಲಾಯಿತು.

ಆದರೆ ಈ ಪರೀಕ್ಷೆ ಯಾರ ನಿಜವಾದ ವಯಸ್ಸನ್ನೂ ಹೇಳುವುದಿಲ್ಲ. ಕೆಲವರಲ್ಲಿ ಬೆಸುಗೆ ಹತ್ತೊಂಬತ್ತರವರೆಗೂ ಪೂರ್ಣವಾಗದಿರುವುದರಿಂದ, ವಯಸ್ಸು ಮೀರಿದವರೂ ಸುಲಭವಾಗಿ ನುಸುಳಿಬಿಡುತ್ತಾರೆ. ಅಷ್ಟಾದರೂ ಅದರ ಪರಿಣಾಮ ಸಣ್ಣದೇನಲ್ಲ: 17 ವರ್ಷದೊಳಗಿನವರ ಆಫ್ರಿಕಾ ಕಪ್‌ನ 2023ರ ಅರ್ಹತಾ ಸುತ್ತಿಗೆ ಮುನ್ನ ಕ್ಯಾಮರೂನ್ ತನ್ನದೇ ಆಟಗಾರರನ್ನು ಪರೀಕ್ಷಿಸಿದಾಗ 30 ಮಂದಿಯಲ್ಲಿ 21 ಮಂದಿ ಅನುತ್ತೀರ್ಣರಾದರು.

ಅಂದಹಾಗೆ, ಅರ್ಹತೆಯನ್ನು ಲೆಕ್ಕ ಹಾಕುವುದು ಜನ್ಮವರ್ಷದಿಂದ. ಭಾರತದಲ್ಲಿ 2017ರ ಅಕ್ಟೋಬರ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ 2000ದ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಆಡಬಹುದಿತ್ತು. ಹಾಗಾಗಿ 17 ತುಂಬಿದ ಹುಡುಗರೂ ನ್ಯಾಯವಾಗಿಯೇ ಅಂಗಳದಲ್ಲಿದ್ದರು.