ಮಾಸ್ತರು ಮಕ್ಕಳ ಸಾಲಿನಲ್ಲಿ ಕೂತು ಉಂಡರೆ

ಬ್ಯಾಡಗಿ ತಾಲ್ಲೂಕಿನ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅವರ ಮಗಳು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಪತ್ರದ ಮುಖ್ಯ ಭಾಗ ಇಷ್ಟು: "ಈಗಿನ ಮಾಸ್ತರು ಹುಡುಗರ ಜೋಡಿ ಕುಂತು ಬಿಸಿಯೂಟ ಉಣ್ತಾರ, ಖೋ ಖೋ ಆಡ್ತಾರ. ಅಕ್ಕೋರು ಹುಡುಗ್ಯಾರ ಹೆಗಲ ಮ್ಯಾಲೆ ಕೈ ಹಾಕಿ ಮನಿ ಸುದ್ದಿ ಕೇಳ್ತಾರ. ಅಂಜಿಕಿನ ಇಲ್ಲದಂಗ ಆಗೈತಿ. ನಾವು ಮಾಸ್ತರ ಮನಿಗೆ ನೀರು ಹೊತ್ತು, ಕಟಿಗಿ ಒಡದು ಕಲ್ತವರು. ಅವರು ಎದುರಿಗೆ ಬಂದ್ರ ಬ್ಯಾರೆ ಓಣಿ ಹಿಡೀತಿದ್ವಿ. ಇದನ್ನ ನಿಲ್ಲಸಾಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಅರ್ಜಿ ಕೊಡ್ಲೇನ್ರಿ?" ಕೊನೆಗೆ ಒಂದೇ ಸಾಲು: ಗಣಿತದ ಮಾಸ್ತರು ವರ್ಗವಾಗಿ ಹೋದರು, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಆತ್ಮೀಯರೇ,

ನೀರು ಹೊತ್ತ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಕಾಲದಲ್ಲಿ ಮಾಸ್ತರಿಗೂ ಹುಡುಗರಿಗೂ ದೂರ ಇತ್ತು ಎನ್ನುತ್ತೀರಿ. ಅವರ ಮನೆಯ ಹಂಡೆ ಎಲ್ಲಿದೆ, ಒಲೆಗೆ ಎಷ್ಟು ಕಟ್ಟಿಗೆ ಬೇಕು ಎಂಬುದೆಲ್ಲ ಗೊತ್ತಿದ್ದ ಮೇಲೆ ಅದೆಂಥ ದೂರ? ಅವರ ಬದುಕಿನೊಳಗೆ ನೀವು ಹೋಗಿದ್ದಿರಿ, ಕೆಲಸದವರಾಗಿ. ನಿಮ್ಮ ಬದುಕಿನೊಳಗೆ ಅವರು ಬಂದಿದ್ದರೇ? ನಿಮ್ಮ ಮನೆಯಲ್ಲಿ ಆ ಹೊತ್ತು ಒಲೆ ಹೊತ್ತಿತ್ತೋ ಇಲ್ಲವೋ ಎಂದು ಒಮ್ಮೆಯಾದರೂ ಕೇಳಿದ್ದರೇ? ಕೇಳಿದ ಪುಣ್ಯಾತ್ಮರೂ ಇದ್ದರು, ಅವರ ಫೋಟೋ ಇಂದಿಗೂ ಹಲವು ಮನೆಗಳ ಪಡಸಾಲೆಯಲ್ಲಿದೆ. ನಿಮ್ಮ ಮಗಳ ಸಾಲೆಯಲ್ಲಿ ಈಗ ಮಾಸ್ತರೇ ಮಕ್ಕಳ ಕಡೆಗೆ ನಡೆದು ಬರುತ್ತಿದ್ದಾರೆ. ನಿಮಗೆ ಇರುಸುಮುರುಸಾಗಿರುವುದು ಅದಕ್ಕೆ ಎಂದು ನನ್ನ ಅನುಮಾನ.

ಬಿಸಿಯೂಟದ ಮಾತು. ಮಕ್ಕಳಿಗೆ ಬಡಿಸುವ ಮೊದಲು ಕನಿಷ್ಠ ಒಬ್ಬ ಶಿಕ್ಷಕರಾದರೂ ಸೇರಿ ದೊಡ್ಡವರು ಅಡುಗೆಯ ರುಚಿ ನೋಡಬೇಕೆಂಬುದು ನಿಯಮ. ಹುಬ್ಬಳ್ಳಿ-ಧಾರವಾಡ ಶಹರದ ಎಷ್ಟೋ ಸಾಲೆಗಳಿಗೆ ಊಟ ದೊಡ್ಡ ಅಡುಗೆಮನೆಯಿಂದ ಗಾಡಿಯಲ್ಲಿ ಬರುತ್ತದೆ. ನಿಮ್ಮಂಥ ಹಳ್ಳಿಗಳಲ್ಲಿ ಸಾಲೆಯ ಹಿಂದಿನ ಕೋಣೆಯಲ್ಲೇ ಬೇಯುತ್ತದೆ. ಒಂದು ಚಮಚ ನೆಕ್ಕಿ ರಿಜಿಸ್ಟರಿಗೆ ಸಹಿ ಹಾಕಿದರೂ ನಿಯಮ ಪಾಲಿಸಿದಂತೆ ಆಗುತ್ತದೆ. ಆದರೆ ಮಾಸ್ತರೇ ತಾಟು ಹಿಡಿದು ಸಾಲಿನಲ್ಲಿ ಕೂತರೆ ಸಾರು ನೀರಾಗಿದೆಯೋ, ಬ್ಯಾಳಿ ಬೆಂದಿದೆಯೋ ಎಂಬುದನ್ನು ಯಾರೂ ದೂರಿ ಹೇಳಬೇಕಾಗಿಲ್ಲ. ಇನ್ನೊಂದು ಮಾತನ್ನು ಮೆಲ್ಲಗೆ ಹೇಳಬೇಕೆಂದರೂ ಹೇಳಲೇಬೇಕು. ನಮ್ಮ ಊರುಗಳಲ್ಲಿ ಯಾರ ಪಕ್ಕ ಯಾರು ಕೂತು ಉಣ್ಣಬೇಕು ಎಂಬ ಲೆಕ್ಕ ಇನ್ನೂ ಹರಿದಿಲ್ಲ. ಮದುವೆ ಊಟದಲ್ಲಿ ಆ ಲೆಕ್ಕ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಮಾಸ್ತರು ದಿನಾ ಒಂದೊಂದು ಕಡೆ, ಇವತ್ತು ಇವನ ಪಕ್ಕ ನಾಳೆ ಅವಳ ಪಕ್ಕ, ಕೂತು ಉಂಡರೆ ಮಕ್ಕಳೂ ಹಾಗೇ ಕೂಡುವುದನ್ನು ಕಲಿಯುತ್ತಾರೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಮಾನತೆಯ ಪಾಠ ಇದ್ದೇ ಇದೆ, ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದೂ ಬರುತ್ತಾರೆ. ಪಂಕ್ತಿಯಲ್ಲಿ ಕಲಿತದ್ದು ಮರೆಯುವುದಿಲ್ಲ.

"ಮನಿ ಸುದ್ದಿ" ಕೇಳುವುದು ಯಾಕೆ ಎಂದಿರಿ. ನಿಮ್ಮ ಸೀಮೆಯಲ್ಲೇ ಉತ್ತರ ಇದೆ. ಚಳಿಗಾಲದಲ್ಲಿ ಮೆಣಸಿನಕಾಯಿ ಹರಿಯುವ ಸುಗ್ಗಿ ಬಂತೆಂದರೆ ಮನೆಮಂದಿಯೆಲ್ಲ ಹೊಲದಲ್ಲಿ. ಬ್ಯಾಡಗಿ ಪೇಟೆಗೆ ಚೀಲ ತುಂಬಿ ಕಳಿಸುವ ಅವಸರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹತ್ತನೇ ತರಗತಿಯ ಪರೀಕ್ಷೆಗೆ ತಯಾರಾಗಬೇಕಾದ ದಿನಗಳೂ ಅವೇ. ಹಾಜರಿ ಪುಸ್ತಕ "ಗೈರು" ಎಂದಷ್ಟೇ ಹೇಳುತ್ತದೆ. ಹುಡುಗಿ ಮಲಗಿದ್ದಾಳೋ, ಕೂಲಿಗೆ ಹೋಗಿದ್ದಾಳೋ, ತಮ್ಮನನ್ನು ಆಡಿಸುತ್ತಿದ್ದಾಳೋ, ಇಲ್ಲಾ ಮನೆಯಲ್ಲಿ ಮದುವೆ ಮಾತು ನಡೆದಿದೆಯೋ, ಅದು ಗೊತ್ತಾಗುವುದು ಊಟದ ಹೊತ್ತಿನಲ್ಲಿ, ಗೆಳತಿಯರ ಬಾಯಿಂದ. ಗೊತ್ತಾದ ಅಕ್ಕೋರು ಸಂಜೆ ನಿಮ್ಮ ಹೊಲದ ಬದುವಿಗೆ ಬಂದು, "ಅಣ್ಣಾರ, ಮುಂಜಾನಿ ಎರಡು ತಾಸು ಕಳಸ್ರಿ, ಆಮ್ಯಾಲೆ ನಿಮ್ಮ ಕೆಲಸಕ್ಕ ಬರ್ತಾಳ" ಎಂದು ಕೇಳಬಲ್ಲರು. ಅಂಜಿಕೆಯಿಂದ ಬೇರೆ ಓಣಿ ಹಿಡಿಯುವ ಹುಡುಗಿ ಇದನ್ನೆಲ್ಲ ಯಾರ ಮುಂದೆ ಹೇಳಿಯಾಳು? ಪಂಚಮಿ ಮರುದಿನ ಶೇಂಗಾ ಉಂಡಿ ತಂದು ಅಕ್ಕೋರ ಕೈಗೆ ಇಡುವ ಹುಡುಗಿ ಹೇಳುತ್ತಾಳೆ.

ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ನೀವೂ ಹೋಗಿರಬಹುದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಕಣ್ಣಿಲ್ಲದ ಮಕ್ಕಳು, ಬಡವರ ಮಕ್ಕಳು ಗುರುಗಳ ಜೊತೆ ಒಂದೇ ಆವರಣದಲ್ಲಿ ಉಂಡು, ಮಲಗಿ, ಎದ್ದು ಹಾಡು ಕಲಿತರು. ಹೈಸ್ಕೂಲು ಆಶ್ರಮವಲ್ಲ, ಸಂಬಳಕ್ಕೆ ದುಡಿಯುವ ಮಾಸ್ತರರಿಂದ ಅಷ್ಟನ್ನು ಕೇಳುವುದೂ ತಪ್ಪು. ಆದರೆ ಜೊತೆಗೆ ಬದುಕಿದ್ದರಿಂದ ಪುಟ್ಟಜ್ಜನ ಮೇಲಿನ ಗೌರವ ಎಳ್ಳಷ್ಟಾದರೂ ಕಡಿಮೆಯಾಯಿತೇ? ಗದಗಿನಲ್ಲಿ ಯಾರನ್ನಾದರೂ ಕೇಳಿ ನೋಡಿ.

ಈಗ ಬಹಳಷ್ಟು ಶಿಕ್ಷಕರು ಸಾಲೆಯ ಊರಲ್ಲಿ ಇರುವುದಿಲ್ಲ. ಹಾವೇರಿ, ಹುಬ್ಬಳ್ಳಿ, ರಾಣೆಬೆನ್ನೂರಿನಿಂದ ಬಸ್ಸಿಗೆ ಬಂದು ಬಸ್ಸಿಗೇ ಹೋಗುತ್ತಾರೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅಕ್ಕೋರಿಗೂ ಹುಡುಗಿಯರಿಗೂ ಅದೇ ಶೂನ್ಯ ಟಿಕೆಟ್ಟು, ಜಾಗಕ್ಕಾಗಿ ಅದೇ ನೂಕಾಟ. ಸಂಜೆ ಬಸ್ಸು ತಪ್ಪಿದರೆ ಕಥೆ ಮುಗಿಯಿತು. ಹೀಗಿರುವಾಗ ಜೊತೆಗೆ ಕಳೆಯಲು ಉಳಿಯುವುದು ಮಧ್ಯಾಹ್ನದ ಊಟ, ಆಟದ ಪಿರಿಯಡ್ಡು. ಅದನ್ನೂ ಅರ್ಜಿ ಕೊಟ್ಟು ಕಿತ್ತುಕೊಳ್ಳುವುದೇ?

ನಿಮ್ಮ ಆತಂಕ ಪೂರಾ ಹುಸಿ ಎನ್ನುವುದಿಲ್ಲ. ಸಲಿಗೆ ಹತ್ತು ಜನರ ಕಣ್ಣೆದುರು ಇರಬೇಕು. ಊಟದ ಸಾಲು, ಆಟದ ಬಯಲು, ಬಾಗಿಲು ತೆರೆದ ಸ್ಟಾಫ್ ರೂಮು, ಇಲ್ಲೆಲ್ಲ ಅಡ್ಡಿಯಿಲ್ಲ. ರಾತ್ರಿ ಒಬ್ಬಳೇ ಹುಡುಗಿಯ ಮೊಬೈಲಿಗೆ ಬರುವ ಮೆಸೇಜು, ಮನೆಗೆ ಒಬ್ಬಳನ್ನೇ ಕರೆದು ಹೇಳುವ "ಸ್ಪೆಷಲ್ ಕ್ಲಾಸು" ಬೇಡ. ಯಾವ ನೆಪಕ್ಕೂ ಬೇಡ. ವಾಟ್ಸಾಪ್ ಗುಂಪು ಬೇಕಿದ್ದರೆ ಪಾಲಕರೂ ಅದರಲ್ಲಿರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ತುಂಬದ ಎಲ್ಲರ ರಕ್ಷಣೆಗೂ ಇದೆ, ತಪ್ಪು ಮಾಡಿದವರು ಸಾಲೆಯ ಸಿಬ್ಬಂದಿಯೇ ಆದರೆ ಶಿಕ್ಷೆ ಇನ್ನೂ ಕಠಿಣ. ಮಕ್ಕಳ ಸಹಾಯವಾಣಿ 1098 ನಿಮ್ಮ ಮಗಳಿಗೆ ಬಾಯಿಪಾಠ ಇರಲಿ. ಹೆಗಲ ಮೇಲೆ ಕೈ ಹಾಕಿದ್ದು ಅವಳಿಗೆ ಸರಿ ಬಂತೋ ಇಲ್ಲವೋ ಎಂದು ಅವಳನ್ನೇ ಕೇಳಿ. ಪತ್ರದಲ್ಲಿ ನಿಮ್ಮ ಅಭಿಪ್ರಾಯ ಇದೆ, ಅವಳದ್ದು ಎಲ್ಲೂ ಕಾಣಲಿಲ್ಲ.

ಅಂಜಿಕೆಗೆ ಬೆತ್ತವೇ ಬೇಕು ಎಂಬ ಧಾಟಿಯೂ ಪತ್ರದಲ್ಲಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ, ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳದ್ದು, ಒಂಬತ್ತನೇ ತರಗತಿಗೆ ಬಂದವರನ್ನು ಬಾರಿಸಬಹುದು ಎಂದು ವಾದಿಸುವವರೂ ಇದ್ದಾರೆ. ಅಂಥವರ ಜೊತೆ ವಾದಕ್ಕಿಳಿಯುವ ಮನಸ್ಸು ನನಗಿಲ್ಲ.

ಇನ್ನು ಬಿಇಒ ಅವರಿಗೆ ಅರ್ಜಿ. ಕೊಡಿ, ಖಂಡಿತ ಕೊಡಿ, ವಿಷಯ ಮಾತ್ರ ಬದಲಿಸಿ. ಮಾಸ್ತರರ ಊಟಕ್ಕೆ ಅಷ್ಟುದ್ದ ಬರೆದ ನೀವು ಗಣಿತದ ಖಾಲಿ ಹುದ್ದೆಗೆ ಒಂದೇ ಸಾಲು ಕೊಟ್ಟಿದ್ದೀರಿ. ಬರುವ ವರ್ಷ ನಿಮ್ಮ ಮಗಳು ಎಸ್ಸೆಸ್ಸೆಲ್ಸಿ. ಪಾಲಕರೂ ಇರುವ ಸಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸಭೆಯಲ್ಲಿ ಠರಾವು ಮಾಡಿಸಿ, ಹೆಡ್‌ಮಾಸ್ತರರ ಸಹಿ ಹಾಕಿಸಿ, ಕಾಯಂ ಶಿಕ್ಷಕರು ಬರುವತನಕ ಅತಿಥಿ ಶಿಕ್ಷಕರನ್ನಾದರೂ ಕೊಡಿ ಎಂದು ಕೇಳಿ. ಒಂದು ಪ್ರತಿ ಹಾವೇರಿಯ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಹೋಗಲಿ. ಕೊಟ್ಟದ್ದಕ್ಕೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳುವುದು ಮರೆಯಬೇಡಿ. ಸಾಲೆಗೆ ಹೋಗುವುದಾದರೆ ಊಟದ ಹೊತ್ತಿಗೇ ಹೋಗಿ, ತಾಟು ಅಲ್ಲೇ ಕೊಡುತ್ತಾರೆ.

— ಸಂಪಾದಕ