ಅಬೆನಾಕಿ ಜನ ಕೆನಡಾಕ್ಕೆ ಓಡಿಹೋದರೇ?

ಪ್ರಶ್ನೆ: 1759ರಲ್ಲಿ ಇಂಗ್ಲಿಷರ ದಾಳಿಗೆ ಹೆದರಿ ಅಬೆನಾಕಿ ಎಂಬ ಆದಿವಾಸಿ ಜನ ಅಮೆರಿಕದ ವರ್ಮಾಂಟ್ ಬಿಟ್ಟು ಕೆನಡಾಕ್ಕೆ ಓಡಿಹೋದರು ಎಂದು ಓದಿದೆ. ಹಾಗಾದರೆ ಈಗ ವರ್ಮಾಂಟ್‌ನಲ್ಲಿ ತಾವು ಅಬೆನಾಕಿ ಎನ್ನುವವರು ಯಾರು?

ಉತ್ತರ: ಆ ದಾಳಿ ನಡೆದದ್ದೇ ಈಗಿನ ಕೆನಡಾದಲ್ಲಿ! ಕ್ವಿಬೆಕ್‌ನ ಸೇಂಟ್ ಫ್ರಾನ್ಸಿಸ್ ನದಿ ದಡದ ಓಡನಾಕ್ ಎಂಬ ಅಬೆನಾಕಿ ಊರಿನ ಮೇಲೆ. ಹೀಗಾಗಿ ‘ದಾಳಿಯಾಯಿತು, ಓಡಿಹೋದರು’ ಎಂಬ ಕತೆ ಅಲ್ಲಿಗೇ ಬಿದ್ದುಹೋಗುತ್ತದೆ.

ಅಬೆನಾಕಿಗಳ ನಾಡು ಎನ್ಡಕಿನ್ನಾ. ಇಂದಿನ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇಯ್ನ್‌ನ ಒಂದಷ್ಟು ಭಾಗ, ದಕ್ಷಿಣ ಕ್ವಿಬೆಕ್ ಎಲ್ಲ ಅದರಲ್ಲಿ ಸೇರಿದ್ದವು. ನದಿ ದಡದಲ್ಲಿ ಮೆಕ್ಕೆಜೋಳ ಬೆಳೆದು, ಬೇಟೆ, ಮೀನಿನ ಕಾಲಕ್ಕೆ ಬೇರೆ ಕಡೆ ಹೋಗಿ ಬರುತ್ತಿದ್ದ ಜನ ಅವರು. 1675ರಿಂದ ಇಂಗ್ಲಿಷರ ಜೊತೆ ಒಂದರ ಹಿಂದೊಂದು ಯುದ್ಧ. ಜೊತೆಗೆ ಯುರೋಪಿನಿಂದ ಬಂದ ರೋಗಗಳು. 1724ರಲ್ಲಿ ಮೇಯ್ನ್‌ನ ನಾರಿಜ್‌ವಾಕ್ ಊರನ್ನು ಇಂಗ್ಲಿಷರು ಸುಟ್ಟರು. ಹೀಗೆ ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಫ್ರೆಂಚರ ಆಸರೆಯಿದ್ದ ಓಡನಾಕ್, ವೋಲಿನಾಕ್ ಎಂಬ ಕ್ವಿಬೆಕ್‌ನ ಊರುಗಳನ್ನು ಸೇರಿದವು. ಎಲ್ಲರೂ ಹೋಗಲಿಲ್ಲ, ಹೋದವರೂ ಸಂಬಂಧ ಕಡಿದುಕೊಳ್ಳಲಿಲ್ಲ.

ಇನ್ನು ಆ ದಾಳಿ. 1759ರ ಅಕ್ಟೋಬರ್ 4, ಬೆಳಗಿನ ಜಾವ. ಇಂಗ್ಲಿಷರ ಪಡೆಯ ನಾಯಕ ರಾಬರ್ಟ್ ರೋಜರ್ಸ್ ತನ್ನವರೊಂದಿಗೆ ಬಂದು ಮನೆಗಳಿಗೆ ಬೆಂಕಿ ಇಟ್ಟ, ಚರ್ಚನ್ನೂ ಸುಟ್ಟ. ಇನ್ನೂರು ಜನರನ್ನು ಕೊಂದೆವು ಎಂದು ಆತ ಬರೆದ. ಫ್ರೆಂಚ್ ಕಡೆಯವರ ಲೆಕ್ಕದಲ್ಲಿ ಸತ್ತವರು ಸುಮಾರು ಮೂವತ್ತು, ಹೆಚ್ಚಿನವರು ಹೆಂಗಸರು, ಮಕ್ಕಳು. ಇಷ್ಟು ವ್ಯತ್ಯಾಸ ಯಾಕೆ? ಓಡನಾಕ್‌ನ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು ಇಲ್ಲಿ ಬೆಳಕು ಕೊಡುತ್ತದೆ. ಹಿಂದಿನ ರಾತ್ರಿ ಊರಲ್ಲಿ ಕುಣಿತ ನಡೆದಿತ್ತು. ತಂಪಿಗೆಂದು ಹೊರಗೆ ಬಂದ ಹುಡುಗಿಗೆ ಕತ್ತಲಲ್ಲಿ ಒಬ್ಬ ಅಪರಿಚಿತ ಸಿಕ್ಕ. ರೋಜರ್ಸ್ ಜೊತೆ ಬಂದಿದ್ದ ಆದಿವಾಸಿಯೇ ಆತ. ಬೆಳಗಾಗುವಷ್ಟರಲ್ಲಿ ದಾಳಿಯಾಗುತ್ತದೆ ಎಂದು ಎಚ್ಚರಿಸಿದ. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಹೋಗಿ ಅಡಗಿದರು, ಬದುಕುಳಿದರು. ಈ ಮಾತನ್ನು ಸುಮ್ನೆ ಅಜ್ಜಿ ಕತೆ ಎಂದು ತಳ್ಳಿಹಾಕುವುದು ತಪ್ಪು. ರೋಜರ್ಸ್‌ನ ಬರಹಕ್ಕಿಂತ ನನಗೆ ಇದರ ಮೇಲೇ ಭರವಸೆ ಜಾಸ್ತಿ.

ಅಮೆರಿಕ–ಕೆನಡಾ ಗಡಿ ಬಂದದ್ದು ಆಮೇಲೆ, 1783ರ ಒಪ್ಪಂದದಲ್ಲಿ. ಅದು ಈ ನಾಡಿನ ನಡುವೆಯೇ ಹಾದುಹೋಯಿತು. ಆದರೂ ಓಡನಾಕ್ ಕುಟುಂಬಗಳು ಹತ್ತೊಂಬತ್ತನೇ ಶತಮಾನದುದ್ದಕ್ಕೂ ದಕ್ಷಿಣಕ್ಕೆ ಬರುತ್ತಿದ್ದವು. ಆ್ಯಶ್ ಎಂಬ ಮರದ ದಿಮ್ಮಿಯನ್ನು ಬಡಿದು ಬಡಿದು, ಪದರ ಪದರವಾಗಿ ಪಟ್ಟಿ ಬಿಡಿಸಿ ಬುಟ್ಟಿ ಹೆಣೆದು, ಬೇಸಿಗೆಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪ್ರವಾಸಿಗರಿಗೆ ಮಾರುತ್ತಿದ್ದರು.

ನಿಮ್ಮ ಕೊನೆಯ ಪ್ರಶ್ನೆ ಕಷ್ಟದ್ದು. ವರ್ಮಾಂಟ್ ರಾಜ್ಯ 2011–12ರಲ್ಲಿ ನಾಲ್ಕು ಗುಂಪುಗಳಿಗೆ ಅಬೆನಾಕಿ ಎಂಬ ಮಾನ್ಯತೆ ಕೊಟ್ಟಿತು. ಅವುಗಳಲ್ಲಿ ಮಿಸಿಸ್ಕ್ವಾಯ್ ಗುಂಪು ಕೇಂದ್ರ ಸರ್ಕಾರಕ್ಕೆ ಸಲ್ಲಿಸಿದ್ದ ಅರ್ಜಿ 2007ರಲ್ಲೇ ತಿರಸ್ಕೃತವಾಗಿತ್ತು. ಕಿರುಕುಳಕ್ಕೆ ಹೆದರಿ ನಮ್ಮ ಹಿರಿಯರು ಗುರುತು ಮುಚ್ಚಿಟ್ಟು ಬಾಳಿದರು ಎಂದು ಈ ಗುಂಪುಗಳು ಹೇಳುತ್ತವೆ. ಓಡನಾಕ್ ಮತ್ತು ವೋಲಿನಾಕ್ ಇದನ್ನು ಒಪ್ಪುವುದಿಲ್ಲ. ಈ ಗುಂಪುಗಳವರಲ್ಲಿ ಬಹುತೇಕರಿಗೆ ಅಬೆನಾಕಿ ವಂಶದ ದಾಖಲೆಯೇ ಇಲ್ಲ ಎನ್ನುತ್ತವೆ. ಮಾನ್ಯತೆ ಕೊಡುವಾಗ ಓಡನಾಕ್‌ನ ಮಾತಿಗೆ ಸಿಗಬೇಕಾದ ತೂಕ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ವಂಶಾವಳಿ, ಅವರ ನೆಂಟಸ್ತಿಕೆ. ಅವರನ್ನು ಕೇಳದೆ ಬೇರೆಯವರು ತೀರ್ಮಾನ ಮಾಡುವುದು ಸರಿಯಲ್ಲ, ಅಲ್ವಾ?